ಸಂಬಳದಲ್ಲಿ ಮುರಿತ: ಧಣಿಗಳ ಅಧಿಕಾರವೆಷ್ಟು, ನೌಕರರ ಹಕ್ಕೆಷ್ಟು?

ತಿಂಗಳ ದುಡಿಮೆ ಮುಗಿದು ಪಗಾರದ ದಿನ ಬಂದಾಗ, ಕೈಗೆ ಬರುವ ಹಣವು ಮಾತಾಡಿಕೊಂಡಿದ್ದ ಹಣಕ್ಕಿಂತ ಕಡಿಮೆಯಾಗಿರುವುದು ನಮ್ಮ ಹೋಟೆಲು ನೌಕರರಿಗೆ ಹೊಸ ಅನುಭವವೇನಲ್ಲ. ಗ್ಲಾಸು ಒಡೆದುದಕ್ಕೆ ಇಷ್ಟು, ಗಿರಾಕಿಯೊಬ್ಬ ಬಿಲ್ಲು ಕೊಡದೆ ಎದ್ದುಹೋದುದಕ್ಕೆ ಇಷ್ಟು, ಊರಿಗೆ ಹೋದವನು ಎರಡು ದಿನ ತಡವಾಗಿ ಬಂದುದಕ್ಕೆ ಇಷ್ಟು, ಊಟ-ವಸತಿಗೆಂದು ಇಷ್ಟು ಎಂದು ಗಲ್ಲಾದ ಹಿಂದೆ ಕುಳಿತವರು ಬಾಯಿಲೆಕ್ಕ ಹೇಳುತ್ತ ಹೋಗುತ್ತಾರೆ. ಮಾಣಿಯು ತಲೆಯಾಡಿಸಿ, ಉಳಿದುದನ್ನು ಕಿಸೆಗೆ ಹಾಕಿಕೊಂಡು ಹೊರಡುತ್ತಾನೆ. ಕಚೇರಿಯ ಗುಮಾಸ್ತರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವೆಂದು ಹೇಳಲಾಗದು. ಅಲ್ಲಿ ಬಾಯಿಲೆಕ್ಕದ ಬದಲು ಅಚ್ಚುಮಾಡಿದ ಚೀಟಿಯೊಂದಿರುತ್ತದೆ, ಅಷ್ಟೆ. ಅದರಲ್ಲಿ ‘ಇತರ ಕಡಿತ’ ಎಂಬ ಒಂದು ಸಾಲಿದ್ದು, ಅದರ ಎದುರಿನ ಅಂಕಿ ಯಾಕೆ ಬಂತೆಂದು ಕೇಳಿದರೆ ಮೇನೇಜರರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಈ ಮುರಿತಗಳಲ್ಲಿ ಯಾವುದು ಸಕ್ರಮ, ಯಾವುದು ಅಕ್ರಮ ಎಂಬ ಪ್ರಶ್ನೆಯನ್ನು ಕಾಯಿದೆಯು ಧಣಿಗಳ ದಯೆಗಾಗಲಿ ನೌಕರರ ಸಹನೆಗಾಗಲಿ ಬಿಟ್ಟಿಲ್ಲ. ಸಂಬಳದಿಂದ ಹಣ ಮುರಿಯುವುದು ಮಾಲಕರಿಗೆ ಸಹಜವಾಗಿ ಬಂದ ಹಕ್ಕು, ಸರಕಾರವು ಅದಕ್ಕೆ ಅಲ್ಲಲ್ಲಿ ಒಂದಿಷ್ಟು ಅಡ್ಡಿಗಳನ್ನು ಒಡ್ಡಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ವಸ್ತುಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿದೆ. ದುಡಿದವನ ಸಂಬಳ ಪೂರ್ತಿಯಾಗಿ ಅವನ ಕೈಸೇರಬೇಕು ಎಂಬುದೇ ಮೂಲ ನಿಯಮ. ಕಾಯಿದೆಯು ಹೆಸರಿಸಿ ಹೇಳಿದ ಕೆಲವೇ ಕಾರಣಗಳಿಗಾಗಿ, ಅದು ಹಾಕಿದ ಮಿತಿಯೊಳಗೆ ಮಾತ್ರ ಅದರಿಂದ ಹಣ ತೆಗೆಯಬಹುದು. ಆ ಪಟ್ಟಿಯಲ್ಲಿ ಇಲ್ಲದ ಯಾವ ಮುರಿತವೂ, ಅದು ಐದು ರೂಪಾಯಿಯದೇ ಆಗಿರಲಿ, ಅಕ್ರಮವೇ ಸರಿ. ಈ ಒಂದು ಮಾತನ್ನು ನಮ್ಮ ವಾಚಕರು ಚೆನ್ನಾಗಿ ಮನದಟ್ಟು ಮಾಡಿಕೊಂಡರೆ ಉಳಿದುದನ್ನು ತಿಳಿಯುವುದು ಕಷ್ಟವಲ್ಲ.

ಈ ನಿಯಮ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಗಿರಣಿ ಕಾರ್ಖಾನೆಗಳಲ್ಲಿ ದಂಡದ ಹಾವಳಿ ವಿಪರೀತವಾಗಿತ್ತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ, ನೇಯುವಾಗ ಕೆಟ್ಟುಹೋದ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ ಅದರ ಬೆಲೆಯನ್ನು ಅವನ ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯಿತ್ತು. 1929ರಲ್ಲಿ ನೇಮಕಗೊಂಡ ವಿಟ್ಲೆ ಆಯೋಗವು 1931ರಲ್ಲಿ ಒಪ್ಪಿಸಿದ ತನ್ನ ವರದಿಯಲ್ಲಿ ದಂಡ ಮತ್ತು ಮುರಿತಗಳನ್ನು ಕಾಯಿದೆಯ ಹತೋಟಿಗೆ ತರಬೇಕೆಂದು ಸಲಹೆ ಮಾಡಿತು. ಅದರ ಫಲವಾಗಿ 1936ರ ವೇತನ ಪಾವತಿ ಕಾಯಿದೆ ಹುಟ್ಟಿತು. ಒಬ್ಬ ನೌಕರನ ಮೇಲೆ ಹಾಕುವ ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಕೂಡದು, ಅಂದರೆ ಅವನ ಸಂಬಳದ ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚಿರಕೂಡದು ಎಂದು ಅದು ವಿಧಿಸಿತ್ತು. ಆಣೆಗಳು ಹೋಗಿ ಪೈಸೆಗಳು ಬಂದ ಮೇಲೆ ಆ ಪ್ರಮಾಣ ನೂರಕ್ಕೆ ಮೂರಾಯಿತು; ಇಂದಿಗೂ ಅದೇ ಉಳಿದಿದೆ.

ಹಳೆಯ ಕಾಯಿದೆಯು ಮೊದಲಿಗೆ ಕಾರ್ಖಾನೆ ಮತ್ತು ರೈಲ್ವೆ ನೌಕರರಿಗಷ್ಟೇ ಅನ್ವಯಿಸುತ್ತಿತ್ತು. ಅದೂ ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಪಡೆಯುವವರಿಗೆ ಮಾತ್ರ. ಕಾಲಕ್ರಮದಲ್ಲಿ ಈ ಮಿತಿ ಏರುತ್ತ 2017ರಲ್ಲಿ 24,000 ರೂಪಾಯಿಗೆ ಬಂದಿತ್ತು. ಅದಕ್ಕಿಂತ ಹೆಚ್ಚು ಪಡೆಯುವ ಗುಮಾಸ್ತನಿಗೆ ಆ ಕಾಯಿದೆಯ ಆಸರೆಯಿರಲಿಲ್ಲ. 2025ರ ನವೆಂಬರ 21ರಂದು ಕೇಂದ್ರ ಸರಕಾರವು 2019ರ ವೇತನ ಸಂಹಿತೆಯನ್ನು ಜಾರಿಗೆ ತಂದಾಗ 1936ರ ಕಾಯಿದೆ ರದ್ದಾಗಿ, ಅದರ ಮುಖ್ಯ ವಿಧಿಗಳು ಈ ಸಂಹಿತೆಯೊಳಗೆ ಸೇರಿಕೊಂಡವು. ಸಂಬಳದ ಮಿತಿ ಹೋಯಿತು. ಹೋಟೆಲಿನ ಕ್ಲೀನರಿನಿಂದ ಹಿಡಿದು ಅಡಿಗೆಭಟ್ಟರು, ಗುಮಾಸ್ತರು, ಮೇನೇಜರರವರೆಗೆ ಎಲ್ಲರೂ ಇದರೊಳಗೆ ಬರುತ್ತಾರೆ. ನಾಲ್ಕು ಮೇಜಿನ ಚಹದಂಗಡಿಯೂ ಬರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಎಲ್ಲಿದ್ದರೂ ಕಾಯಿದೆ ಒಂದೇ. ಅಹವಾಲು ಕೇಳುವ ಅಧಿಕಾರಿ ಮಾತ್ರ ಆಯಾ ರಾಜ್ಯ ಸರಕಾರದವರು.

ಒಡೆದ ಗ್ಲಾಸಿನ ಲೆಕ್ಕ

ನಮ್ಮವರಲ್ಲಿ ಅತ್ಯಂತ ಸಾಮಾನ್ಯವಾದ ಮುರಿತ ಇದಾದುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ನಷ್ಟಕ್ಕಾಗಿ ಸಂಬಳ ಮುರಿಯಲು ಕಾಯಿದೆಯು ಅವಕಾಶ ಕೊಟ್ಟಿದೆ, ನಿಜ. ಆದರೆ ಅದರ ಮಾತುಗಳನ್ನು ತೂಗಿ ನೋಡಬೇಕು. ನೌಕರನ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತುವಿಗೆ ನಷ್ಟವಾಗಿರಬೇಕು, ಅಥವಾ ಅವನು ಲೆಕ್ಕ ಒಪ್ಪಿಸಬೇಕಾದ ಹಣ ಕಳೆದುಹೋಗಿರಬೇಕು. ಆ ನಷ್ಟವು ನೇರವಾಗಿ ಅವನದೇ ಅಲಕ್ಷ್ಯದಿಂದ ಇಲ್ಲವೆ ತಪ್ಪಿನಿಂದ ಆದುದಾಗಿರಬೇಕು. ಹಣ ಮುರಿಯುವ ಮೊದಲು ಅವನ ಸಮಜಾಯಿಷಿಯನ್ನು ಕೇಳಿರಬೇಕು. ಮುರಿದ ಹಣವು ಆದ ನಷ್ಟಕ್ಕಿಂತ ಹೆಚ್ಚಿರಕೂಡದು. ಇಷ್ಟೂ ಆದ ಮೇಲೆ ಅದನ್ನು ಪುಸ್ತಕದಲ್ಲಿ ದಾಖಲು ಮಾಡಿರಬೇಕು.

ಈ ಅಳತೆಗೋಲು ಹಿಡಿದು ನೋಡಿದರೆ ಎಷ್ಟೋ ಹೋಟೆಲುಗಳ ರೂಢಿಗಳು ಬಿದ್ದುಹೋಗುತ್ತವೆ. ತಿಂಗಳಿನಲ್ಲಿ ಒಡೆದ ಲೋಟ-ಬಸಿಗಳ ಬೆಲೆಯನ್ನೆಲ್ಲ ಕೂಡಿಸಿ, ಇರುವ ಹನ್ನೆರಡು ಮಂದಿ ಹುಡುಗರ ಮೇಲೆ ಸಮನಾಗಿ ಹಂಚಿ ಮುರಿಯುವುದುಂಟು. ಯಾರ ಕೈಯಿಂದ ಒಡೆಯಿತು, ಯಾಕೆ ಒಡೆಯಿತು ಎಂಬ ವಿಚಾರಣೆಯೇ ಇಲ್ಲದಿರುವಾಗ ಅದು ಒಬ್ಬೊಬ್ಬನ ಅಲಕ್ಷ್ಯದಿಂದ ನೇರವಾಗಿ ಆದ ನಷ್ಟವೆನ್ನುವುದು ಹೇಗೆ? ಒಡೆಯದವನ ಸಂಬಳದಿಂದ ಮುರಿದ ಪ್ರತಿ ರೂಪಾಯಿಯೂ ಅಕ್ರಮ. ಇಪ್ಪತ್ತು ರೂಪಾಯಿಯ ಗ್ಲಾಸಿಗೆ ನೂರು ರೂಪಾಯಿ ಹಿಡಿಯುವುದೂ ಅಷ್ಟೆ. ಮಧ್ಯಾಹ್ನದ ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಗಿರಾಕಿಯ ಮೊಣಕೈ ತಾಗಿ ಬಿದ್ದ ತಟ್ಟೆಯು ಮಾಣಿಯ ಅಲಕ್ಷ್ಯಕ್ಕೆ ಸಾಕ್ಷಿಯಾಗಲಾರದು. ಬಿಸಿ ಚಹ ತುಂಬಿದ ಗ್ಲಾಸು ತಾನಾಗಿ ಸೀಳಿಬಿಡುವುದುಂಟೆಂಬುದನ್ನು ಹೋಟೆಲಿನಲ್ಲಿ ಒಂದು ವಾರ ದುಡಿದವರೆಲ್ಲರೂ ಬಲ್ಲರು.

ಬಿಲ್ಲು ಕೊಡದೆ ಹೋದ ಗಿರಾಕಿಯ ಪ್ರಶ್ನೆಯೂ ಇದೇ ಜಾತಿಯದು. ಹಣ ವಸೂಲು ಮಾಡಿ ಲೆಕ್ಕ ಒಪ್ಪಿಸುವ ಹೊಣೆ ಯಾರ ಮೇಲಿದೆಯೋ, ಯಾರ ತಪ್ಪಿನಿಂದ ಆ ಹಣ ಹೋಯಿತೋ ಅವನ ಮಟ್ಟಿಗೆ ಮಾತ್ರ ಈ ವಿಧಿ ಅನ್ವಯಿಸುತ್ತದೆ. ಗಲ್ಲಾದಲ್ಲಿ ಹಣ ತೆಗೆದುಕೊಳ್ಳುವವರು ಬೇರೆ, ಬಡಿಸುವವನು ಬೇರೆ ಆಗಿರುವಲ್ಲಿ, ಏಳೆಂಟು ಮೇಜುಗಳಿಗೆ ಓಡಾಡುವ ಹುಡುಗನು ಬಾಗಿಲನ್ನೂ ಕಾಯಬೇಕಾಗಿತ್ತೆಂದು ವಾದಿಸುವುದು ಸುಲಭವಲ್ಲ. ಗಲ್ಲಾದಲ್ಲಿ ಕುಳಿತವರಿಗೆ ಈ ವಿಧಿ ಹೆಚ್ಚು ಬಿಗಿಯಾಗಿ ತಾಗುತ್ತದೆಂಬುದನ್ನು ಮಾತ್ರ ಮರೆಯಬಾರದು; ಹಣದ ಲೆಕ್ಕ ಒಪ್ಪಿಸುವುದೇ ಅವರ ಕೆಲಸ. ಆದರೂ ಅವರಿಗೆ ಸಮಜಾಯಿಷಿ ಹೇಳುವ ಅವಕಾಶ ಕೊಡದೆ, ರಾತ್ರಿಯ ಲೆಕ್ಕದಲ್ಲಿ ಕಡಿಮೆ ಬಿದ್ದುದನ್ನೆಲ್ಲ ಮರುಮಾತಿಲ್ಲದೆ ಮುರಿಯುವಂತಿಲ್ಲ.

ಇನ್ನು ದಂಡ. ನಷ್ಟಭರ್ತಿ ಬೇರೆ, ದಂಡ ಬೇರೆ. ಯಾವ ಯಾವ ತಪ್ಪುಗಳಿಗೆ ದಂಡ ಹಾಕುತ್ತೇವೆಂಬುದರ ಪಟ್ಟಿಯನ್ನು ಮಾಲಕರು ಮೊದಲೇ ಸರಕಾರಕ್ಕೆ ಅಥವಾ ಅದು ಗೊತ್ತುಮಾಡಿದ ಅಧಿಕಾರಿಗೆ ಸಲ್ಲಿಸಿ ಮಂಜೂರಾತಿ ಪಡೆದು, ಕೆಲಸದ ಸ್ಥಳದಲ್ಲಿ ಪ್ರಕಟಣೆಯಾಗಿ ತೂಗುಹಾಕಿರಬೇಕು. ನಮ್ಮ ವಾಚಕರಲ್ಲಿ ಎಷ್ಟು ಮಂದಿ ತಮ್ಮ ಹೋಟೆಲಿನ ಗೋಡೆಯ ಮೇಲೆ ಅಂತಹ ಪ್ರಕಟಣೆಯನ್ನು ಕಂಡಿದ್ದಾರೆ? ಕಾಣದಿದ್ದರೆ, ಅಲ್ಲಿ ಹಾಕುವ ದಂಡವೆಲ್ಲವೂ ಬುಡದಲ್ಲಿಯೇ ಅಸಿಂಧು. ಪ್ರಕಟಣೆಯಿದ್ದರೂ ದಂಡ ಹಾಕುವ ಮೊದಲು ನೌಕರನ ಮಾತು ಕೇಳಬೇಕು. ಒಂದು ಪಗಾರದ ಅವಧಿಯಲ್ಲಿ ಹಾಕಿದ ದಂಡಗಳ ಒಟ್ಟು ಮೊತ್ತ ಸಂಬಳದ ನೂರಕ್ಕೆ ಮೂರನ್ನು ಮೀರಬಾರದು. ಕಂತುಕಂತಾಗಿ ವಸೂಲು ಮಾಡಬಾರದು. ತಪ್ಪು ನಡೆದ ದಿನದಿಂದ 90 ದಿನಗಳಾದ ಮೇಲೆ ಕೇಳಲೇಬಾರದು. ಎಲ್ಲಕ್ಕಿಂತ ಮಿಗಿಲಾಗಿ, ದಂಡದ ಹಣ ಧಣಿಗಳ ಪೆಟ್ಟಿಗೆಗೆ ಸೇರತಕ್ಕದ್ದಲ್ಲ. ಅದನ್ನು ಪುಸ್ತಕದಲ್ಲಿ ಬರೆದು, ಅಲ್ಲಿ ದುಡಿಯುವವರ ಹಿತಕ್ಕಾಗಿ, ಅಧಿಕಾರಿಯು ಒಪ್ಪಿದ ಕಾರ್ಯಕ್ಕೇ ವೆಚ್ಚಮಾಡಬೇಕು. ಹದಿನೈದು ವರ್ಷ ತುಂಬದವರಿಗೆ ದಂಡ ಹಾಕುವಂತೆಯೇ ಇಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದೇ 2006ರ ಅಕ್ಟೋಬರದಿಂದ ನಿಷಿದ್ಧವಾಗಿದೆಯೆಂಬುದನ್ನು, ಊರಿನಿಂದ ಹುಡುಗರನ್ನು ಕರೆತರುವವರು ನೆನಪಿನಲ್ಲಿಡುವುದೊಳ್ಳೆಯದು.

ತಡವಾಗಿ ಬಂದವರ ಪಾಡು

ಗುಮಾಸ್ತರ ಬವಣೆಗೆ ಬರೋಣ. ‘ಮೂರು ದಿನ ತಡವಾಗಿ ಬಂದರೆ ಒಂದು ದಿನದ ಸಂಬಳ ಕಟ್’ ಎಂಬ ಶಾಸನ ಎಷ್ಟೋ ಖಾಸಗಿ ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ. ಡೊಂಬಿವಲಿಯಿಂದಲೋ ವಿರಾರದಿಂದಲೋ ಲೋಕಲ್ ಗಾಡಿ ಹಿಡಿದು ಬರುವವರ ಪಾಲಿಗೆ ಇದೆಂತಹ ಶಾಸನವೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. ಕೆಲಸಕ್ಕೆ ಗೈರುಹಾಜರಾದ ಹೊತ್ತಿಗೆ ಸಂಬಳ ಮುರಿಯಬಹುದೆಂಬುದನ್ನು ಕಾಯಿದೆಯೂ ಒಪ್ಪುತ್ತದೆ. ಆದರೆ ಗೈರುಹಾಜರಿ ಎಷ್ಟು ಹೊತ್ತಿನದೋ, ಮುರಿತವೂ ಅದೇ ಪ್ರಮಾಣದ್ದಾಗಿರಬೇಕು. ತಿಂಗಳಿಗೆ 15,000 ರೂಪಾಯಿ ಸಂಬಳದ, ದಿನಕ್ಕೆ ಎಂಟು ತಾಸು ದುಡಿಯುವ ಒಬ್ಬ ಗುಮಾಸ್ತನಿದ್ದಾನೆಂದಿಟ್ಟುಕೊಳ್ಳೋಣ. ಮೂವತ್ತು ದಿನಗಳ ಲೆಕ್ಕದಲ್ಲಿ ಅವನ ದಿನದ ಸಂಬಳ 500 ರೂಪಾಯಿ. ಅವನು ಮೂರು ದಿನ ಹತ್ತು ಹತ್ತು ಮಿನಿಟು ತಡವಾಗಿ ಬಂದರೆ ಒಟ್ಟು ಅರ್ಧ ತಾಸಾಯಿತು. ಅದರ ಬೆಲೆ ಸುಮಾರು 31 ರೂಪಾಯಿ. ಅದಕ್ಕಾಗಿ 500 ರೂಪಾಯಿ ಮುರಿದರೆ ಉಳಿದ 469 ರೂಪಾಯಿಯು ಯಾವ ಕಲಮಿನ ಆಸರೆಯಲ್ಲಿ ಹೋಯಿತು?

ಅದು ಗೈರುಹಾಜರಿಯ ಮುರಿತವಲ್ಲ, ಶಿಸ್ತಿಗಾಗಿ ಹಾಕಿದ ದಂಡ ಎಂದು ಕಚೇರಿಯವರು ಹೇಳಬಹುದು. ಹಾಗಾದರೆ ಮಂಜೂರಾದ ಪ್ರಕಟಣೆ ಎಲ್ಲಿ ಎಂದು ಕೇಳಬೇಕಾಗುತ್ತದೆ. ಅದಿದ್ದರೂ 15,000ದ ನೂರಕ್ಕೆ ಮೂರು 450 ರೂಪಾಯಿಯೇ ಆಯಿತು. 500 ರೂಪಾಯಿ ದಂಡವಾಗಿಯೂ ನಿಲ್ಲುವುದಿಲ್ಲ, ಮುರಿತವಾಗಿಯೂ ನಿಲ್ಲುವುದಿಲ್ಲ. ಒಂದು ದಿನ ರಜೆ ಹಾಕಿದರೆ ಎರಡು ದಿನದ ಸಂಬಳ ಹಿಡಿಯುವ ಹೋಟೆಲಿನ ರೂಢಿಗೂ ಇದೇ ಉತ್ತರ.

ಇದರಲ್ಲಿ ಒಂದು ಅಪವಾದವುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ, ತಕ್ಕ ಸೂಚನೆ ಕೊಡದೆ, ಸಮರ್ಪಕ ಕಾರಣವಿಲ್ಲದೆ ಕೆಲಸ ಬಿಟ್ಟು ನಿಂತರೆ, ಗೈರುಹಾಜರಾದ ದಿನಗಳ ಮೇಲೆ ಎಂಟು ದಿನಗಳವರೆಗಿನ ಸಂಬಳವನ್ನು ಮುರಿಯಲು ಅವಕಾಶವಿದೆ. ಸಿಟ್ಟಿನ ಭರದಲ್ಲಿ ಒಂದು ಬೆಳಗ್ಗೆ ಎಲ್ಲರೂ ಸೌಟು ಕೆಳಗಿಡುವ ಮುನ್ನ ಇದನ್ನು ಯೋಚಿಸಬೇಕು.

ಊಟ, ವಸತಿ, ಮುಂಗಡ

ಹೋಟೆಲಿನ ಕೆಲಸದಲ್ಲಿ ಊಟ-ವಸತಿ ಸಂಬಳದೊಡನೆ ಹೆಣೆದುಕೊಂಡೇ ಬರುವಂತಹುದು. ಮಾಳಿಗೆಯ ಮೇಲೆ ಚಾಪೆ ಹಾಸಲು ಸ್ಥಳ, ಎರಡು ಹೊತ್ತಿನ ಊಟ, ಎರಡು ಬಾರಿ ಚಹ. ಕೆಲಸಕ್ಕೆ ಸೇರುವಾಗ ಇದು ಸಂಬಳದ ಮೇಲೆ ಬಿಟ್ಟಿಯಾಗಿ ದೊರೆಯುವುದೆಂದು ಮಾತಾಗಿದ್ದರೆ, ಆಮೇಲೆ ಅದಕ್ಕೆಂದು ಹಣ ಮುರಿಯುವ ಪ್ರಶ್ನೆಯೇ ಏಳುವುದಿಲ್ಲ. ಮುರಿಯುವುದೆಂದಾದರೆ ಆ ವಸತಿಯನ್ನು, ಆ ಸೌಕರ್ಯವನ್ನು ನೌಕರನು ಒಪ್ಪಿಕೊಂಡಿರಬೇಕು. ಮುರಿದ ಹಣ ಅದರ ನಿಜವಾದ ಬೆಲೆಯನ್ನು ಮೀರಿರಬಾರದು. ವಸತಿಯ ಹೊರತು ಇತರ ಸೌಕರ್ಯಗಳಿಗೆ ಮುರಿಯಲು ಸರಕಾರದ ಆಜ್ಞೆಯೂ ಬೇಕು. ಹತ್ತು ಮಂದಿ ಮಲಗುವ ಒಂದು ಕೋಣೆಗೆ ಒಬ್ಬೊಬ್ಬರಿಂದ ಹೊರಗಿನ ಒಂಟಿ ಕೋಣೆಯ ಬಾಡಿಗೆ ಹಿಡಿಯುವುದು ಈ ಅಳತೆಯಲ್ಲಿ ನಿಲ್ಲದು. ಕೆಲಸಕ್ಕೆ ಬೇಕಾದ ಸಲಕರಣೆಗಳನ್ನು ಒದಗಿಸುವುದು ‘ಸೇವೆ’ಯಲ್ಲವೆಂದು ಕಾಯಿದೆ ಬಿಚ್ಚಿ ಹೇಳಿದೆ. ಅಡಿಗೆಭಟ್ಟರ ಚಾಕುವಿಗೆ ಭಟ್ಟರಿಂದಲೇ ಹಣ ವಸೂಲು ಮಾಡುವಂತಿಲ್ಲ.

ಮುಂಗಡದ ವಿಷಯದಲ್ಲಿ ನೌಕರರೂ ಸ್ವಲ್ಪ ಎಚ್ಚರದಿಂದಿರಬೇಕು. ತಂಗಿಯ ಮದುವೆಗೆಂದೋ, ಮನೆಯ ಹಂಚು ತೆಗೆಸುವುದಕ್ಕೆಂದೋ ಪಡೆದ ಹಣವನ್ನು ಮಾಲಕರು ಸಂಬಳದಲ್ಲಿ ಹಿಡಿದುಕೊಳ್ಳುವುದು ಸಕ್ರಮವೇ. ಅದು ಕೊಟ್ಟ ಸಾಲ, ತೀರಿಸಬೇಕಾದುದು. ಆದರೆ ಕೆಲಸಕ್ಕೆ ಸೇರುವ ಮೊದಲು ಪ್ರಯಾಣದ ವೆಚ್ಚಕ್ಕೆಂದು ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕುಂದಾಪುರದಿಂದಲೋ ಕಾರ್ಕಳದಿಂದಲೋ ಹುಡುಗನನ್ನು ಕರೆಸಿಕೊಂಡು, ಅವನ ಬಸ್ಸಿನ ದುಡ್ಡನ್ನು ಮೊದಲ ತಿಂಗಳ ಪಗಾರದಲ್ಲಿ ಮುರಿಯುವ ರೂಢಿ ಎಷ್ಟು ಹಳೆಯದಾದರೂ ಕಾಯಿದೆಗೆ ಸಮ್ಮತವಲ್ಲ. ಯಾವ ಕಾರಣಕ್ಕೇ ಆಗಲಿ, ಎಲ್ಲ ಮುರಿತಗಳೂ ಕೂಡಿ ಒಂದು ಅವಧಿಯ ಸಂಬಳದ ಅರ್ಧವನ್ನು ಮೀರಕೂಡದು. ದುಡಿದವನು ತಿಂಗಳ ಕೊನೆಗೆ ಬರಿಗೈಯಲ್ಲಿ ನಿಲ್ಲಬಾರದೆಂಬುದು ಇದರ ಉದ್ದೇಶ.

ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಇನ್ನೊಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ಪೂರ್ತಿ ಸಂಬಳವನ್ನು ಬ್ಯಾಂಕಿನ ಖಾತೆಗೆ ಹಾಕುತ್ತಾರೆ. ಕಾಗದದಲ್ಲಿ ಎಲ್ಲವೂ ಚೊಕ್ಕಟ. ಮರುದಿನ ನೌಕರನು ಎರಡು ಸಾವಿರವನ್ನೋ ಮೂರು ಸಾವಿರವನ್ನೋ ತೆಗೆದು ಮೇನೇಜರರ ಕೈಗೆ ಹಿಂದಿರುಗಿಸಬೇಕು. ಇದು ಕಡಿತವಲ್ಲ, ನೌಕರನು ತಾನಾಗಿ ಕೊಟ್ಟದ್ದೆಂದು ವಾದ ಹೂಡುವವರಿದ್ದಾರೆ. ಅವರ ಬಾಯಿಗೆ ಕಾಯಿದೆಯು ಎಂದೋ ಬೀಗ ಹಾಕಿದೆ. ನೌಕರನು ಮಾಲಕನಿಗಾಗಲಿ ಮಾಲಕನ ಕಡೆಯವನಿಗಾಗಲಿ ಕೊಡುವ ಯಾವುದೇ ಹಣವನ್ನು ಸಂಬಳದಿಂದ ಮಾಡಿದ ಕಡಿತವೆಂದೇ ಭಾವಿಸತಕ್ಕದ್ದೆಂದು ಸಂಹಿತೆಯ 18ನೆಯ ಕಲಮಿನ ವಿವರಣೆ ಹೇಳುತ್ತದೆ. ಕೆಲಸಕ್ಕೆ ಸೇರುವಾಗ ಡಿಪಾಜಿಟು ಎಂದು ಕಟ್ಟಿಸಿಕೊಳ್ಳುವ ಹಣವೂ ಇದರಿಂದ ತಪ್ಪಿಸಿಕೊಳ್ಳಲಾರದು. ಹಣವನ್ನು ಫೋನಿನ ಮೂಲಕ ಕಳುಹಿಸಿದ್ದರೆ ಅದರ ಗುರುತು ಉಳಿದಿರುತ್ತದೆ; ಅಳಿಸಬೇಡಿರಿ.

ಪ್ರಾವಿಡೆಂಟ್ ಫಂಡಿನ ಕಡಿತ ಸಕ್ರಮವಾದುದೇ. ಆದರೆ ನೌಕರನ ಪಾಲನ್ನು ಮಾತ್ರ ಸಂಬಳದಿಂದ ಮುರಿಯಬಹುದು. ಮಾಲಕನ ಪಾಲನ್ನೂ ನೌಕರನ ತಲೆಗೆ ಹಚ್ಚುವಂತಿಲ್ಲ. ಮುರಿದ ಹಣವನ್ನು ನಿಧಿಗೆ ಕಟ್ಟದೆ ನುಂಗಿದರೆ ಆ ತಪ್ಪಿಗೆ ನೌಕರನು ಹೊಣೆಯಲ್ಲವೆಂದು ಸಂಹಿತೆ ಸ್ಪಷ್ಟಪಡಿಸಿದೆ. ಹನ್ನೆರಡು ಅಂಕಿಗಳ ಸದಸ್ಯ ಸಂಖ್ಯೆಯುಳ್ಳವರು ತಮ್ಮ ಖಾತೆಯ ಪುಸ್ತಕವನ್ನು ತಾವೇ ನೋಡಬಹುದಾದುದರಿಂದ, ಮೂರು ನಾಲ್ಕು ತಿಂಗಳಿಗೊಮ್ಮೆಯಾದರೂ ಕಣ್ಣಾಡಿಸುವುದು ಲೇಸು.

ಸಂಬಳ ಕೈಸೇರಬೇಕಾದ ದಿನಕ್ಕೂ ಗಡುವಿದೆ. ತಿಂಗಳ ಸಂಬಳವು ಮರು ತಿಂಗಳ ಏಳನೆಯ ತಾರೀಕು ಮುಗಿಯುವುದರೊಳಗೆ ಬಂದಿರಬೇಕು. ಕೆಲಸದಿಂದ ತೆಗೆದರೂ, ತಾನಾಗಿ ಬಿಟ್ಟರೂ, ಹೋಟೆಲೇ ಮುಚ್ಚಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿಯೆಲ್ಲ ಚುಕ್ತಾ ಆಗಬೇಕು. ‘ಊರಿಗೆ ಹೋಗಿ ಬಾ, ಆಮೇಲೆ ಕೊನೆಯ ತಿಂಗಳದ್ದು ನೋಡೋಣ’ ಎನ್ನುವ ಮಾತಿಗೆ ಈಗ ಸ್ಥಾನವಿಲ್ಲ.

ಧಣಿಗಳೂ ನಮ್ಮವರೇ ಅಲ್ಲವೆ?

ಇಷ್ಟೆಲ್ಲ ಹಕ್ಕುಗಳಿದ್ದೂ ನಮ್ಮ ನೌಕರರು ಬಾಯಿ ತೆರೆಯದಿರುವುದಕ್ಕೆ ಕಾಯಿದೆಯ ಅಜ್ಞಾನವೊಂದೇ ಕಾರಣವಲ್ಲ. ಪರವೂರಿನಲ್ಲಿ ಕೆಲಸ ಕೊಟ್ಟ ಧಣಿ ಹೆಚ್ಚಾಗಿ ಊರಿನವರೇ ಆಗಿರುತ್ತಾರೆ. ಕೆಲವೊಮ್ಮೆ ನೆಂಟರೂ ಆಗಿರುತ್ತಾರೆ. ಕರೆತಂದವರು ಚಿಕ್ಕಪ್ಪನೋ ಭಾವನೋ ಆಗಿರುತ್ತಾರೆ. ಇಲ್ಲಿ ಒಂದು ಮಾತು ಎತ್ತಿದರೆ ಅಲ್ಲಿ ಅಮ್ಮನ ಕಿವಿಗೆ ಮುಟ್ಟುತ್ತದೆ. ‘ಅನ್ನ ಕೊಟ್ಟವರ ಮೇಲೆ ಅರ್ಜಿ ಹಾಕಿದ’ ಎಂಬ ಅಪವಾದಕ್ಕೆ ಹೆದರಿ ಎಷ್ಟೋ ಮಂದಿ ಸಾವಿರಾರು ರೂಪಾಯಿ ಬಿಟ್ಟುಕೊಟ್ಟಿದ್ದಾರೆ.

ನಮಗೆ ಈ ದಾಕ್ಷಿಣ್ಯದ ಬೆಲೆ ತಿಳಿಯದೆ ಇಲ್ಲ. ಮುಂಬಯಿಗೆ ಬರಿಗೈಯಲ್ಲಿ ಬಂದ ಹುಡುಗರಿಗೆ ಮಲಗಲು ಜಾಗ, ಉಣ್ಣಲು ಅನ್ನ ಕೊಟ್ಟು, ರಾತ್ರಿ ಶಾಲೆಗೆ ಹೋಗಲು ಎರಡು ತಾಸು ಬಿಡುವು ಕೊಟ್ಟು ಅವರನ್ನು ಮನುಷ್ಯರನ್ನಾಗಿ ಮಾಡಿದ ಹೋಟೆಲು ಧಣಿಗಳು ನಮ್ಮಲ್ಲಿ ಆಗಿಹೋಗಿದ್ದಾರೆ, ಇಂದೂ ಇದ್ದಾರೆ. ಅವರಲ್ಲಿ ಹಲವರು ಒಮ್ಮೆ ಮೇಜು ಒರೆಸಿದವರೇ. ಅಂತಹವರು ಲೆಕ್ಕ ಕೇಳಿದರೆ ಸಿಟ್ಟಾಗುವವರಲ್ಲ. ಸಿಟ್ಟಾಗುವವರು ಲೆಕ್ಕವಿಲ್ಲದವರು. ಉಪಕಾರ ಸ್ಮರಣೆ ಬೇರೆ, ಪಗಾರದ ಲೆಕ್ಕ ಬೇರೆ. ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ಮುಚ್ಚಿಹಾಕುವುದನ್ನು ನಾವು ಉಪಕಾರವೆಂದು ಕರೆಯಲಾರೆವು. ಹಕ್ಕನ್ನು ಬಿಟ್ಟುಕೊಡುತ್ತೇನೆಂದು ನೌಕರನಿಂದ ಬರೆಯಿಸಿಕೊಂಡ ಕರಾರಿಗೂ ಬೆಲೆಯಿಲ್ಲವೆಂದು ಕಾಯಿದೆ ಹೇಳುತ್ತದೆ. ಕೆಲಸಕ್ಕೆ ಸೇರುವಾಗ ಓದದೆ ರುಜು ಹಾಕಿದವರು ಧೈರ್ಯಗೆಡಬೇಕಾಗಿಲ್ಲ.

ಆದಕಾರಣ ಮೊದಲ ಹೆಜ್ಜೆ ಅರ್ಜಿಯಲ್ಲ, ಮಾತು. ‘ಧಣೀ, ಈ ತಿಂಗಳು ಮುರಿದ ಹಣದ ವಿವರವನ್ನು ಚೀಟಿಯಲ್ಲಿ ಬರೆದುಕೊಡಿ’ ಎಂದು ವಿನಯದಿಂದ ಕೇಳಬಹುದು. ವೇತನ ಚೀಟಿ ಕೊಡುವುದು ಮಾಲಕರ ಮೇಲೆ ಕಾಯಿದೆ ಹೊರಿಸಿದ ಹೊಣೆ. ಅದನ್ನು ಕೇಳುವುದು ಉದ್ಧಟತನವಾಗದು. ಚೀಟಿ ಬರೆಯಲು ಕುಳಿತಾಗಲೇ ಎಷ್ಟೋ ಮುರಿತಗಳು ಬಿದ್ದುಹೋಗುವ ಸಂಭವವಿದೆ.

ಮಾತಿನಿಂದ ಬಗೆಹರಿಯದಿದ್ದರೆ, ಇಂತಹ ಅಹವಾಲುಗಳನ್ನು ಕೇಳಲು ರಾಜ್ಯ ಸರಕಾರವು ನೇಮಿಸಿದ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಅರ್ಜಿಯನ್ನು ನೌಕರನೇ ಹಾಕಬಹುದು. ಅವನು ಸದಸ್ಯನಾಗಿರುವ ನೋಂದಾಯಿತ ಕಾರ್ಮಿಕ ಸಂಘವು ಹಾಕಬಹುದು. ಸರಕಾರದ ತಪಾಸಣಾಧಿಕಾರಿಯೂ ಹಾಕಬಹುದು. ಒಂದೇ ಹೋಟೆಲಿನ ಹತ್ತು ಮಂದಿಯ ಪರವಾಗಿ ಒಂದೇ ಅರ್ಜಿ ಸಾಕು. ಒಬ್ಬನೇ ಎದ್ದು ನಿಲ್ಲಲು ಅಂಜುವವರಿಗೆ ಇದು ದೊಡ್ಡ ಸೌಕರ್ಯ. ಹಳೆಯ ಕಾಯಿದೆಯಲ್ಲಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಾಗಿತ್ತು. ಸಂಹಿತೆಯು ಮೂರು ವರ್ಷಗಳ ಅವಕಾಶ ಕೊಟ್ಟಿದೆ. ಈಗಲೇ ಕೇಳಿದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲವಾದುದರಿಂದ, ಕೆಲಸ ಬದಲಿಸಿದ ಮೇಲೆಯೂ ಹಳೆಯ ಬಾಕಿಯನ್ನು ಕೇಳಲು ಸಾಧ್ಯವಾಗುವ ಈ ಅವಧಿಯ ಮಹತ್ವವನ್ನು ನಮ್ಮವರು ಅರಿಯಬೇಕು. ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಸೇರಿದ ಗುಮಾಸ್ತರು, ಅವನು ಕೈಯೆತ್ತಿದರೆ ತಾವು ದುಡಿದ ಸಂಸ್ಥೆಯ ಒಡೆಯರನ್ನೇ ಕೇಳಬಹುದು.

ಅಧಿಕಾರಿಯು ಮುರಿದ ಹಣವನ್ನು ಹಿಂದಕ್ಕೆ ಕೊಡಿಸುವುದಲ್ಲದೆ, ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ವಿಧಿಸಬಲ್ಲರು. ಹತ್ತು ಪಟ್ಟು ಎಲ್ಲರಿಗೂ ಸಿಗುತ್ತದೆಂದು ತಿಳಿಯಬಾರದು, ಅದು ಮೇಲ್ಮಿತಿ. ಮೂರು ತಿಂಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳಿದೆಯಾದರೂ ಸರಕಾರಿ ಕಚೇರಿಗಳ ನಡಿಗೆಯನ್ನು ಬಲ್ಲವರು ತುಸು ತಾಳ್ಮೆಯನ್ನು ಜೊತೆಗೊಯ್ಯುವುದು ಒಳ್ಳೆಯದು. ಆಜ್ಞೆಯಾದ ಮೇಲೂ ಮಾಲಕರು ಹಣ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲಾಗುತ್ತದೆ. ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಟ್ಟ ಮಾಲಕರಿಗೆ 50,000 ರೂಪಾಯಿಯವರೆಗೆ ಜುಲ್ಮಾನೆಯಾಗಬಹುದು. ಐದು ವರ್ಷಗಳೊಳಗೆ ಅದೇ ತಪ್ಪನ್ನು ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು.

ಎಲ್ಲಕ್ಕಿಂತ ಹೆಚ್ಚಿನ ಬಲ 59ನೆಯ ಕಲಮಿನಲ್ಲಿದೆ. ಸಂಬಳ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ, ಅಕ್ರಮವಾಗಿ ಮುರಿದಿದ್ದಾರೆ ಎಂದು ನೌಕರನು ಹೇಳಿದಾಗ, ಸಲ್ಲಬೇಕಾದುದು ಸಂದಿದೆಯೆಂದು ರುಜುವಾತುಪಡಿಸುವ ಭಾರ ಮಾಲಕನ ಮೇಲಿದೆ. ಪುಸ್ತಕಗಳನ್ನು ಇಡಬೇಕಾದವನು ಅವನು, ತೋರಿಸಬೇಕಾದವನೂ ಅವನೇ. ಆದರೆ ತಾನು ಅಲ್ಲಿ ದುಡಿಯುತ್ತಿದ್ದೆ, ಇಷ್ಟು ಸಂಬಳದ ಮಾತಾಗಿತ್ತು ಎಂಬಷ್ಟನ್ನು ತೋರಿಸಲು ನೌಕರನ ಕೈಯಲ್ಲಿಯೂ ಏನಾದರೂ ಇರಬೇಕು. ಬ್ಯಾಂಕಿನ ಪುಸ್ತಕ, ಗುರುತಿನ ಚೀಟಿ, ಕೆಲಸದ ಬಗ್ಗೆ ಫೋನಿಗೆ ಬಂದ ಸಂದೇಶ, ಸಮವಸ್ತ್ರದಲ್ಲಿ ತೆಗೆಸಿದ ಭಾವಚಿತ್ರ, ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಹತ್ತು ರೂಪಾಯಿಯ ಒಂದು ಪುಟ್ಟ ಪುಸ್ತಕದಲ್ಲಿ ಪ್ರತಿ ಪಗಾರದ ದಿನ ತಾರೀಕು, ಬಂದ ಹಣ, ಮುರಿದ ಹಣ, ಹೇಳಿದ ಕಾರಣ, ಹೇಳಿದವರ ಹೆಸರು ಇಷ್ಟನ್ನು ಬರೆದಿಡಿರಿ. ಕನ್ನಡದಲ್ಲಿಯೇ ಬರೆಯಿರಿ, ಅಡ್ಡಿಯಿಲ್ಲ. ಅಂದಂದಿನದನ್ನು ಅಂದಂದೇ ಬರೆಯುವುದು ಮುಖ್ಯ.

ಅರ್ಜಿಯ ನಮೂನೆಯು ಆಯಾ ರಾಜ್ಯದ ನಿಯಮಗಳಂತೆ ಇರುವುದರಿಂದ ಅದನ್ನು ಸ್ಥಳೀಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಮುಂಬಯಿಯವರಿಗೆ ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ ಭವನವಿದೆ. ವಕೀಲರನ್ನಿಡಲು ಶಕ್ತಿಯಿಲ್ಲದವರು ಪ್ರತಿ ಜಿಲ್ಲೆಯಲ್ಲಿಯೂ ಇರುವ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಕಡಿಮೆ ವರಮಾನದವರಿಗೆ ಅಲ್ಲಿ ಪುಕ್ಕಟೆ ನೆರವು ದೊರೆಯುತ್ತದೆ. ಅದರ ಫೋನ್ ಸಂಖ್ಯೆ 15100. ಅಧಿಕಾರಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಗೆ ಅಪೀಲು ಮಾಡಿಕೊಳ್ಳಲು 90 ದಿನಗಳ ಅವಧಿಯಿದೆ.